ಅಪಾರ್ಟ್‌ಮೆಂಟ್ ನೋಡಿಕೊಳ್ಳುವುದು ಯಾರು? ಕಮಿಟಿಯೋ, ಸಂಬಳದ ಮ್ಯಾನೇಜರೋ, ಕಂಪನಿಯೋ

ಕಳೆದ ಮೂರು ತಿಂಗಳಲ್ಲಿ ಒಂದೇ ಪ್ರಶ್ನೆ ನನಗೆ ಮೂರು ಕಡೆಯಿಂದ ಬಂತು. ಒಂದು ಜೆ.ಪಿ. ನಗರದ 48 ಮನೆಗಳ ಅಪಾರ್ಟ್‌ಮೆಂಟ್. ಇನ್ನೊಂದು ಹೊರಮಾವು ಕಡೆಯದು, 110 ಮನೆ. ಮೂರನೆಯದು ಸರ್ಜಾಪುರ ರಸ್ತೆಯಲ್ಲಿ, 400 ಮನೆ ದಾಟಿದ್ದು. ಮೂರೂ ಕಡೆ ಕಮಿಟಿಯವರು ದಣಿದಿದ್ದಾರೆ. ಮುಂದಿನ ಸಲ ಯಾರೂ ನಿಲ್ಲಲ್ಲ ಅಂತಿದ್ದಾರೆ. "ಮ್ಯಾನೇಜರ್ ಇಟ್ಟುಕೊಳ್ಳೋಣವಾ, ಇಲ್ಲಾ ಪೂರ್ತಿ ಒಂದು ಮೆಂಟೆನೆನ್ಸ್ ಕಂಪನಿಗೆ ಕೊಟ್ಟುಬಿಡೋಣವಾ?" ಅನ್ನುವುದು ಅವರ ಪ್ರಶ್ನೆ. ನಾನು ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಬೆಂಗಳೂರಿನಲ್ಲಿ 96 ಮನೆಗಳ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಎರಡು ವರ್ಷ ಖಜಾಂಚಿ, ಮೂರು ವರ್ಷ ಕಾರ್ಯದರ್ಶಿ ಆಗಿದ್ದೆ. ಮೊದಲು ಕಮಿಟಿಯೇ ನಡೆಸಿತು. ಆಮೇಲೆ ಕಂಪನಿಗೆ ಕೊಟ್ಟೆವು. ಈಗ ಸಂಬಳದ ಮ್ಯಾನೇಜರ್ ಇದ್ದಾರೆ. ಮೂರರ ಸುಖವೂ ಗೊತ್ತು, ಕಷ್ಟವೂ ಗೊತ್ತು.

ಮೊದಲು ಏನನ್ನು ಅಳೆಯಬೇಕು

ಎಲ್ಲರೂ ಮೊದಲು ಕೇಳುವುದು ಎಷ್ಟು ಮನೆ ಅಂತ. ಅದಕ್ಕಿಂತ ಮೊದಲು ಎಷ್ಟು ಯಂತ್ರ ಇದೆ ಅಂತ ನೋಡಿ. 150 ಮನೆ ಇದ್ದರೂ ಎರಡು ಲಿಫ್ಟು, ಒಂದು ಬೋರ್‌ವೆಲ್, ಕಾವೇರಿ ನೀರು, ಊರಿನ ಒಳಚರಂಡಿ ಇದ್ದರೆ ಕೆಲಸ ಸುಲಭ. 60 ಮನೆಗೆ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ನೀರು ಶುದ್ಧ ಮಾಡುವ ಘಟಕ, ನಾಲ್ಕು ಲಿಫ್ಟು, ಡಿಜಿ ಸೆಟ್ (ಜನರೇಟರ್), ಈಜುಕೊಳ ಇದ್ದರೆ ಅದು ಚಿಕ್ಕ ಕಾರ್ಖಾನೆ ಇದ್ದ ಹಾಗೆ. ಎಸ್‌ಟಿಪಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಅವಧಿ ಮುಗಿದಾಗ ನವೀಕರಿಸಬೇಕು. ಲಿಫ್ಟಿಗೆ ರಾಜ್ಯದ 2012ರ ಲಿಫ್ಟ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಈ ದಿನಾಂಕಗಳನ್ನು ನೆನಪಿಟ್ಟುಕೊಳ್ಳುವ ಒಬ್ಬರು ಇರಲೇಬೇಕು.

ಎರಡನೆಯದು ಸಮಯ. ರಾತ್ರಿ ಹನ್ನೊಂದಕ್ಕೆ ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡರೆ ಫೋನ್ ಯಾರಿಗೆ ಹೋಗುತ್ತದೆ? ನಿಮ್ಮ ಕಮಿಟಿಯಲ್ಲಿ ನಿವೃತ್ತರಾದ, ಮನೆಯಲ್ಲೇ ಇರುವ, ಮನಸ್ಸಿರುವ ಇಬ್ಬರು ಇದ್ದರೆ ಒಂದು ಲೆಕ್ಕ. ಎಲ್ಲರೂ ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವವರಾದರೆ ಇನ್ನೊಂದು ಲೆಕ್ಕ.

ಮೂರನೆಯದು ನಿಜವಾದ ಖರ್ಚು. ಕೊಟೇಶನ್ನಿನಲ್ಲಿ ಕಾಣುವುದಲ್ಲ, ತೆರಿಗೆಯೂ ಸೇರಿ ಕೈಬಿಟ್ಟು ಹೋಗುವ ದುಡ್ಡು. ನಾಲ್ಕನೆಯದು ಕಾನೂನಿನ ಹೊಣೆ. ಐದನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಈ ವ್ಯವಸ್ಥೆ ಸರಿಹೋಗದಿದ್ದರೆ ಎಷ್ಟು ಸುಲಭವಾಗಿ ಬಿಡಿಸಿಕೊಳ್ಳಬಹುದು?

ಇದಕ್ಕೆಲ್ಲ ಮೊದಲು ನಿಮ್ಮ ಬೈಲಾ (ಅಸೋಸಿಯೇಷನ್ನಿನ ನಿಯಮಾವಳಿ) ತೆಗೆದು ಓದಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರುವ ಅಸೋಸಿಯೇಷನ್ ಆದರೆ, ಕಮಿಟಿ ಮ್ಯಾನೇಜರನ್ನು ನೇಮಿಸಬಹುದೇ, ತನ್ನ ಯಾವ ಅಧಿಕಾರಗಳನ್ನು ಅವರಿಗೆ ಬಿಟ್ಟುಕೊಡಬಹುದು ಅಂತ ಬೈಲಾದಲ್ಲೇ ಹೇಳಿರಬೇಕು. 1960ರ ಸೊಸೈಟಿ ನೋಂದಣಿ ಕಾಯ್ದೆಯಡಿ ಇದ್ದರೆ ನಿಮ್ಮ ನಿಯಮಗಳು ಏನು ಹೇಳುತ್ತವೆ ನೋಡಿ. ಎರಡರಲ್ಲೂ ಜನರಲ್ ಬಾಡಿಯ (ಎಲ್ಲ ಸದಸ್ಯರ ಸಭೆಯ) ಒಪ್ಪಿಗೆ ಪಡೆದು ನಿರ್ಣಯ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಜಗಳ ಬಂದಾಗ ಕಮಿಟಿಯವರನ್ನು ಕಾಪಾಡುವುದು ಆ ಒಂದು ಹಾಳೆ.

ಕಮಿಟಿಯೇ ನಡೆಸುವುದು

ಇದರಷ್ಟು ಅಗ್ಗವಾದದ್ದು ಇನ್ನೊಂದಿಲ್ಲ. ಪ್ರತಿ ರೂಪಾಯಿಯೂ ಕಣ್ಣ ಮುಂದೆ ಇರುತ್ತದೆ. ಗಾರ್ಡ್ ಹೆಸರು, ಅವನ ಮಕ್ಕಳ ಶಾಲೆ, ಪ್ಲಂಬರ್ ಯಾವ ದಿನ ಊರಿಗೆ ಹೋಗುತ್ತಾನೆ, ಎಲ್ಲ ಗೊತ್ತಿರುತ್ತದೆ. ಜೆ.ಪಿ. ನಗರದವರಿಗೆ ನಾನು ಹೇಳಿದ್ದು ಇದನ್ನೇ ಮುಂದುವರಿಸಿ ಅಂತ. 48 ಮನೆ, ಎರಡು ಲಿಫ್ಟು, ಎಸ್‌ಟಿಪಿ ಇಲ್ಲ. ಅಲ್ಲಿಗೆ ಮ್ಯಾನೇಜರ್ ಬೇಕಿಲ್ಲ.

ಆದರೆ ಅವರನ್ನು ದಣಿಸಿದ್ದು ಏನು ಅಂತ ಕೂತು ನೋಡಿದಾಗ, ಮುಕ್ಕಾಲು ಪಾಲು ಲೆಕ್ಕಪತ್ರ ಮತ್ತು ವಸೂಲಿ. ಯಾರು ಮೆಂಟೆನೆನ್ಸ್ ಕಟ್ಟಿದ್ದಾರೆ, ಯಾರು ಬಾಕಿ, ಯಾವ ಬಿಲ್ಲಿಗೆ ಟಿಡಿಎಸ್ (ದುಡ್ಡು ಕೊಡುವಾಗಲೇ ಕಳೆಯುವ ತೆರಿಗೆ) ಹಿಡಿಯಬೇಕು. ಅದಕ್ಕೆ ತಿಂಗಳಿಗೆ ಎರಡು ಸಲ ಬಂದುಹೋಗುವ ಅಕೌಂಟೆಂಟ್ ಸಾಕು. ಮೈಗೇಟ್, ಅಡ್ಡಾ, ನೋಬ್ರೋಕರ್‌ಹುಡ್ ಥರದ ಆ್ಯಪ್‌ಗಳೂ ಗೇಟಿನ ಎಂಟ್ರಿ, ಬಿಲ್ಲು, ದೂರುಗಳನ್ನು ನೋಡಿಕೊಳ್ಳುತ್ತವೆ. ಆದರೆ ಆ್ಯಪ್ ಇದೆ ಅಂತ ಮ್ಯಾನೇಜರ್ ಇದ್ದ ಹಾಗೆ ಅಲ್ಲ. ದೂರು ದಾಖಲಾಗುತ್ತದೆ, ಸೋರುವ ಪೈಪನ್ನು ಯಾರಾದರೂ ಹೋಗಿ ನೋಡಲೇಬೇಕು ಅಲ್ವಾ?

ಈ ದಾರಿಯ ದೊಡ್ಡ ಅಪಾಯ ಒಬ್ಬರೇ ಒಬ್ಬರ ಮೇಲೆ ಎಲ್ಲ ಬೀಳುವುದು. ನಮ್ಮಲ್ಲಿ ಒಬ್ಬ ಹಿರಿಯರು ಆರು ವರ್ಷ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ನಡೆಸಿದರು. ಅವರು ಮಗಳ ಮನೆಗೆ ಮೈಸೂರಿಗೆ ಹೋದ ವಾರವೇ ಸಂಪ್ ಮೋಟಾರ್ ಕೆಟ್ಟಿತು. ಅದರ ವಾರಂಟಿ ಕಾಗದ ಎಲ್ಲಿದೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರ ಮೇಲೆ ಅಷ್ಟು ಭಾರ ಹಾಕಿದ್ದು ನಮ್ಮದೇ ತಪ್ಪು.

ಕಂಪನಿಗೆ ಕೊಡುವುದು

ಮೊದಲು ದುಡ್ಡಿನ ಮಾತು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಒಂದು ಲೆಕ್ಕ ಹಾಕಿ ನೋಡೋಣ. 100 ಮನೆ. ಮ್ಯಾನೇಜರ್, ಗಾರ್ಡ್‌ಗಳು, ಹೌಸ್‌ಕೀಪಿಂಗ್, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರ ಸಂಬಳ, ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಸೇರಿ ತಿಂಗಳಿಗೆ ₹3,40,000 ಅಂತ ಇಟ್ಟುಕೊಳ್ಳಿ. ಕಂಪನಿ ಇದರ ಮೇಲೆ ತನ್ನ ಸೇವಾ ಶುಲ್ಕ 10% ಹಾಕಿದರೆ ₹3,74,000. ಅದರ ಮೇಲೆ 18% ಜಿಎಸ್‌ಟಿ, ಅಂದರೆ ₹67,320. ಒಟ್ಟು ₹4,41,320. ಅದೇ ಜನ, ಅದೇ ಕೆಲಸ, ಆದರೆ ತಿಂಗಳಿಗೆ ₹1,01,320 ಜಾಸ್ತಿ. ಮನೆಗೆ ಸುಮಾರು ಸಾವಿರ ರೂಪಾಯಿ.

ಗಮನಿಸಿ, ಇದರಲ್ಲಿ ಕಂಪನಿಯ ಪಾಲಿಗಿಂತ ತೆರಿಗೆಯ ಪಾಲೇ ದೊಡ್ಡದು. ಜಿಎಸ್‌ಟಿ ಕಂಪನಿಯ ಶುಲ್ಕದ ಮೇಲೆ ಮಾತ್ರ ಅಲ್ಲ, ಗಾರ್ಡ್ ಸಂಬಳವೂ ಸೇರಿದ ಪೂರ್ತಿ ಬಿಲ್ಲಿನ ಮೇಲೆ ಬೀಳುತ್ತದೆ. ನೇರವಾಗಿ ಸಂಬಳ ಕೊಟ್ಟರೆ ಈ ತೆರಿಗೆ ಇಲ್ಲ. ಹಾಗಾಗಿ "ಬರೀ 10% ಸರ್" ಅಂತ ಕಂಪನಿಯವರು ಹೇಳಿದಾಗ ಅದನ್ನೇ ಪೂರ್ತಿ ಖರ್ಚು ಅಂದುಕೊಳ್ಳಬೇಡಿ.

ಇನ್ನೊಂದು ಗೆರೆ ನೋಡಿಕೊಳ್ಳಬೇಕು. ತಿಂಗಳ ಮೆಂಟೆನೆನ್ಸ್ ಒಂದು ಮನೆಗೆ ₹7,500 ದಾಟಿ, ಅಸೋಸಿಯೇಷನ್ನಿನ ವರ್ಷದ ವಹಿವಾಟು ₹20 ಲಕ್ಷ ದಾಟಿದರೆ, ಅಸೋಸಿಯೇಷನ್ನೇ ಮನೆಗಳಿಂದ 18% ಜಿಎಸ್‌ಟಿ ವಸೂಲಿ ಮಾಡಿ ಕಟ್ಟಬೇಕಾಗುತ್ತದೆ. ₹7,500 ದಾಟಿದಾಗ ತೆರಿಗೆ ಪೂರ್ತಿ ಮೊತ್ತಕ್ಕೋ, ದಾಟಿದ ಭಾಗಕ್ಕೋ ಅನ್ನುವ ಬಗ್ಗೆ ವಾದ ಇದೆ. ದಾಟಿದ ಭಾಗಕ್ಕೆ ಮಾತ್ರ ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿದೆ. ನಿಮ್ಮ ಮೆಂಟೆನೆನ್ಸ್ ಈಗ ₹6,800 ಇದ್ದು, ಕಂಪನಿ ಬಂದರೆ ₹7,800 ಆಗುವ ಹಾಗಿದ್ದರೆ, ಸಹಿ ಹಾಕುವ ಮೊದಲು ಆಡಿಟರ್ ಹತ್ತಿರ ಕೂತು ಮಾತಾಡಿ. ಈಗಾಗಲೇ ಗೆರೆ ದಾಟಿ ಜಿಎಸ್‌ಟಿ ಕಟ್ಟುತ್ತಿರುವ ದೊಡ್ಡ ಸಮುಚ್ಚಯಗಳ ಕಥೆ ಬೇರೆ. ಅವರು ಕಂಪನಿಯ ಬಿಲ್ಲಿನ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅವರಿಗೆ ಕಂಪನಿ ಅಷ್ಟು ದುಬಾರಿ ಆಗುವುದಿಲ್ಲ.

ಹಾಗಾದರೆ ಆ ಹೆಚ್ಚಿನ ದುಡ್ಡಿಗೆ ಸಿಗುವುದೇನು? ಮುಖ್ಯವಾಗಿ ಬದಲಿ ಜನ. ದೀಪಾವಳಿಗೆ ನಾಲ್ಕು ಗಾರ್ಡ್‌ಗಳು ಒಟ್ಟಿಗೆ ಊರಿಗೆ ಹೋದರೆ ಕಂಪನಿ ಬೇರೆ ಕಡೆಯಿಂದ ಕಳಿಸುತ್ತದೆ. ಡಿಜಿ, ಎಸ್‌ಟಿಪಿ ಗೊತ್ತಿರುವ ಮೇಲ್ವಿಚಾರಕರು ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. ಹಾಜರಿ, ಸಂಬಳ, ಪಿಎಫ್, ಇಎಸ್‌ಐ ಕಾಗದದ ಕೆಲಸ ನಿಮ್ಮ ಮೇಜಿನಿಂದ ಹೋಗುತ್ತದೆ. 400 ಮನೆಗೆ 50 ಜನ ಕೆಲಸಗಾರರಿದ್ದರೆ ಇದು ಚಿಕ್ಕ ಮಾತಲ್ಲ. ಸರ್ಜಾಪುರ ರಸ್ತೆಯವರಿಗೆ ಕಂಪನಿಗೇ ಹೋಗಿ ಅಂದೆ. ಅಷ್ಟು ಜನರನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳಲು ಯಾವ ಕಮಿಟಿಗೂ ಆಗುವುದಿಲ್ಲ.

ಕೆಲಸ ಹೋಗುತ್ತದೆ, ಹೊಣೆ ಮಾತ್ರ ಹೋಗುವುದಿಲ್ಲ. ಇದನ್ನು ನಾವು ಕಲಿತದ್ದು ಒಂದು ಕಷ್ಟದ ದಿನ. ಕಂಪನಿ ಬಂದ ಎರಡನೇ ವರ್ಷ. ನಮ್ಮ ಹೌಸ್‌ಕೀಪಿಂಗಿನ ಒಬ್ಬ ಅಕ್ಕ ಬೆಳಗ್ಗೆ ಬಂದು, "ಮೇಡಂ, ಆಸ್ಪತ್ರೇಲಿ ನನ್ನ ಕಾರ್ಡ್ ನಡೆಯಲ್ಲ ಅಂದ್ರು" ಅಂದರು. ಅವರ ಗಂಡನಿಗೆ ಆಪರೇಷನ್ ಆಗಬೇಕಿತ್ತು. ವಿಚಾರಿಸಿದರೆ, ಕಂಪನಿ ಅವರ ಸಂಬಳದಿಂದ ಇಎಸ್‌ಐ ಹಿಡಿಯುತ್ತಿತ್ತು, ನಮ್ಮ ಬಿಲ್ಲಿನಲ್ಲೂ ಅದನ್ನು ತೋರಿಸಿ ದುಡ್ಡು ಪಡೆಯುತ್ತಿತ್ತು. ಆದರೆ ಐದು ತಿಂಗಳಿಂದ ಕಟ್ಟಿರಲಿಲ್ಲ. ನಾವು ಪ್ರತಿ ತಿಂಗಳೂ ಕೇಳದೆ ಬಿಲ್ ಪಾಸ್ ಮಾಡಿದ್ದೆವು. ಆಪರೇಷನ್ ಖರ್ಚನ್ನು ಆಗ ನಿವಾಸಿಗಳೇ ಸೇರಿಸಿ ಕೊಟ್ಟರು. ನನಗೆ ಆ ವಾರ ನಿದ್ದೆ ಬರಲಿಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಪಿಎಫ್, ಇಎಸ್‌ಐ ಬಾಕಿಯ ಹೊಣೆ ಕೆಲಸ ಮಾಡಿಸಿಕೊಂಡವರ ಮೇಲೂ ಬರುತ್ತದೆ ಅಂತ ಆಡಿಟರ್ ತಿಳಿಸಿದ್ದು ಆಮೇಲೆ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್, ಜೊತೆಗೆ ನಮ್ಮ ಸೈಟಿನ ಕೆಲಸಗಾರರ ಹೆಸರಿರುವ ಪಟ್ಟಿ ಬರದೆ ಈ ತಿಂಗಳ ಬಿಲ್ ಪಾಸ್ ಆಗುವುದಿಲ್ಲ. ಬರೀ ಒಟ್ಟು ಮೊತ್ತದ ಚಲನ್ ಸಾಲದು. ಕಂಪನಿಗೆ ಇಪ್ಪತ್ತು ಸೈಟು ಇರುತ್ತದೆ, ನಿಮ್ಮವರ ಹೆಸರು ಅದರಲ್ಲಿದೆಯಾ ಅಂತ ನೋಡಬೇಕು.

ಒಪ್ಪಂದದಲ್ಲಿ ಇನ್ನೂ ಕೆಲವು ಮಾತು ಗಟ್ಟಿಯಾಗಿ ಬರೆಸಿ. ಯಾವ ಪಾಳಿಯಲ್ಲಿ ಎಷ್ಟು ಜನ, ಬರದಿದ್ದವರ ದಿನದ ಸಂಬಳ ಬಿಲ್ಲಿನಲ್ಲಿ ಕಳೆಯಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಮ್ಯಾನೇಜರನ್ನು ಬೇರೆ ಸೈಟಿಗೆ ಎತ್ತಿಕೊಂಡು ಹೋಗುವಂತಿಲ್ಲ, ಯಾಕೆಂದರೆ ಒಳ್ಳೆ ಮ್ಯಾನೇಜರನ್ನು ದೊಡ್ಡ ಸೈಟಿಗೆ ಕಳಿಸಿಬಿಡುವುದು ತುಂಬಾ ಸಾಮಾನ್ಯ. ನೋಟಿಸ್ ಅವಧಿ 30 ದಿನ, ತಾನಾಗಿಯೇ ನವೀಕರಣ ಆಗುವ ಸಾಲು ಇರಬಾರದು. ಸೆಕ್ಯುರಿಟಿಯನ್ನೂ ಅವರೇ ಕೊಡುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಲೈಸೆನ್ಸ್ ಇದೆಯಾ ಕೇಳಿ, ಪ್ರತಿ ತೆಗೆದಿಟ್ಟುಕೊಳ್ಳಿ. ಇನ್ನು ಪ್ರತಿ ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ಡಿಎ (ತುಟ್ಟಿಭತ್ಯೆ) ಏರುತ್ತದೆ. ಅದನ್ನು ಕಂಪನಿ ಕೇಳಿಯೇ ಕೇಳುತ್ತದೆ, ಕೊಡಲೇಬೇಕು. ಬಜೆಟ್ಟಿನಲ್ಲಿ ಮೊದಲೇ ಇಟ್ಟುಕೊಂಡರೆ ಏಪ್ರಿಲ್ ಜಗಳ ತಪ್ಪುತ್ತದೆ.

ಎಸ್‌ಟಿಪಿ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಯಾರೇ ನಡೆಸಲಿ, ಯಾವ ಕೆಲಸಗಾರನೂ ಆ ಗುಂಡಿಗೆ ಇಳಿಯಬಾರದು. ಅಲ್ಲಿನ ವಿಷಗಾಳಿಗೆ ಸಾಯಲು ಕೆಲವು ಕ್ಷಣ ಸಾಕು. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಹೋಗುತ್ತಾರೆ. ರಕ್ಷಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಕೊಟೇಶನ್ ಕೊಡಲು ಬಂದ ಕಂಪನಿಯನ್ನು, "ಟ್ಯಾಂಕ್ ಹೇಗೆ ಕ್ಲೀನ್ ಮಾಡಿಸ್ತೀರಿ?" ಅಂತ ಕೇಳಿ. ಯಂತ್ರದ ಮಾತು ಬಿಟ್ಟು "ನಮ್ಮ ಹುಡುಗರು ಮಾಡ್ತಾರೆ" ಅನ್ನುವ ಉತ್ತರ ಬಂದರೆ ಆ ಕೊಟೇಶನ್ ಎಷ್ಟೇ ಕಡಿಮೆ ಇರಲಿ, ಪಕ್ಕಕ್ಕಿಡಿ.

ಬಿಲ್ಡರ್ ಕಡೆಯ ಕಂಪನಿ

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮೊದಲ ಒಂದೆರಡು ವರ್ಷ ಬಿಲ್ಡರಿನದೇ ಮೆಂಟೆನೆನ್ಸ್ ಕಂಪನಿ ಇರುತ್ತದೆ. ಮುಂಗಡ ದುಡ್ಡನ್ನೂ ತೆಗೆದುಕೊಂಡಿರುತ್ತಾರೆ. ಯಾವ ಪೈಪು ಎಲ್ಲಿ ಹೋಗಿದೆ ಅಂತ ಅವರಿಗೆ ಗೊತ್ತು, ಅದು ಅನುಕೂಲವೇ. ಅದನ್ನೇ ಮುಂದುವರಿಸೋಣ ಅಂತ ಅನೇಕರಿಗೆ ಅನ್ನಿಸುತ್ತದೆ.

ಒಂದು ತೊಡಕಿದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ನೀವು ತಿಳಿಸಿದ 30 ದಿನದೊಳಗೆ. ಈಗ ಯೋಚಿಸಿ. ಬೇಸ್‌ಮೆಂಟ್ ಗೋಡೆಯಲ್ಲಿ ನೀರು ಜಿನುಗಿತು. ಅದು ಬಿಲ್ಡರಿನ ದೋಷ ಅಂತ ಬರೆಯಬೇಕಾದವರು ಬಿಲ್ಡರಿನ ಕಂಪನಿಯ ಮ್ಯಾನೇಜರ್. ಅವರು ಅದನ್ನು ಮಾಮೂಲಿ ರಿಪೇರಿ ಅಂತ ಬರೆದರೆ ಖರ್ಚು ನಿಮ್ಮ ಮೆಂಟೆನೆನ್ಸಿನಿಂದ ಹೋಗುತ್ತದೆ. ದೂರು ಕೊಟ್ಟ ದಾಖಲೆಯೂ ಇರುವುದಿಲ್ಲ. ಹಾಗಾಗಿ ಅವರನ್ನು ಇಟ್ಟುಕೊಂಡರೂ ದೋಷಗಳ ಪಟ್ಟಿಯನ್ನು ಅಸೋಸಿಯೇಷನ್ನೇ ಫೋಟೊ, ತಾರೀಖು ಸಮೇತ ಬರೆದಿಡಬೇಕು. ಬಿಲ್ಡರಿಗೆ ಲಿಖಿತವಾಗಿ ಕಳಿಸಬೇಕು. ನನ್ನನ್ನು ಕೇಳಿದರೆ, ಮುಂಗಡದ ಅವಧಿ ಮುಗಿದ ಕೂಡಲೇ ಬೇರೆಯವರನ್ನು ನೋಡಿಕೊಳ್ಳುವುದೇ ವಾಸಿ.

ಸಂಬಳದ ಎಸ್ಟೇಟ್ ಮ್ಯಾನೇಜರ್

80ರಿಂದ 200 ಮನೆ ಇರುವ ಕಡೆಗೆ ನನಗೆ ತುಂಬಾ ಹಿಡಿಸಿದ್ದು ಇದು. ಮ್ಯಾನೇಜರ್ ಅಸೋಸಿಯೇಷನ್ನಿನ ನೌಕರ. ಅವರ ನಿಷ್ಠೆ ನಿಮ್ಮ ಕಟ್ಟಡಕ್ಕೆ. ಬೆಂಗಳೂರಿನಲ್ಲಿ ಸೈನ್ಯ, ವಾಯುಸೇನೆಯಿಂದ ನಿವೃತ್ತರಾದವರು ಈ ಕೆಲಸದಲ್ಲಿ ಬಹಳ ಜನ ಇದ್ದಾರೆ. ನಮ್ಮವರೂ ಹಾಗೇ ಬಂದವರು.

ಅವರ ಬೆಲೆ ನಮಗೆ ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ. ಬೋರ್‌ವೆಲ್ ಬತ್ತಿತ್ತು. ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿತ್ತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ ₹1,000 ಅಂತ ಜಿಲ್ಲಾಡಳಿತ ದರ ಕಟ್ಟಿತ್ತು, ಆದರೆ ಆ ದರಕ್ಕೆ ನೀರು ತರಿಸುವುದೇ ಒಂದು ಕೆಲಸ. ಅವರು ಮಾಡಿದ್ದು ಸರಳ. ಟ್ಯಾಂಕರ್ ಪೈಪಿಗೆ ಮೀಟರ್ ಹಾಕಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಬಂದು ನಿಂತು ಓದಿದರು. 12,000 ಅಂತ ಬಿಲ್ ಆದ ಗಾಡಿಯಲ್ಲಿ 10,400 ಲೀಟರ್ ಮಾತ್ರ ಇತ್ತು. ಮರುದಿನದಿಂದ ಮೀಟರ್ ತೋರಿಸಿದಷ್ಟಕ್ಕೇ ದುಡ್ಡು. ಕಮಿಟಿಯವರು ಯಾರೂ ನಾಲ್ಕು ಗಂಟೆಗೆ ಎದ್ದು ನಿಲ್ಲುತ್ತಿರಲಿಲ್ಲ.

ಆರಿಸುವಾಗ ಬರೀ ಬಯೋಡೇಟಾ ನೋಡಬೇಡಿ. ಕಳೆದ ಎರಡು ತಿಂಗಳ ಬೆಸ್ಕಾಂ ಬಿಲ್, ಡಿಜಿ ಲಾಗ್‌ಬುಕ್ ಕೈಗೆ ಕೊಟ್ಟು, "ಈ ತಿಂಗಳು ಯಾಕೆ ಜಾಸ್ತಿ ಬಂದಿದೆ, ಹೇಳಿ" ಅನ್ನಿ. ಆಮೇಲೆ ಒಂದು ಸುತ್ತು ಟೆರೇಸಿನಿಂದ ಬೇಸ್‌ಮೆಂಟಿನವರೆಗೆ ಜೊತೆಗೆ ನಡೆಯಿರಿ. ಗೊತ್ತಿರುವವರು ದಾರಿಯಲ್ಲೇ ಹತ್ತು ವಿಷಯ ಗುರುತಿಸುತ್ತಾರೆ. ಗಾರ್ಡ್ ಜೊತೆ ಅವರು ಮಾತಾಡುವ ಧಾಟಿಯನ್ನೂ ನೋಡಿ.

ಕೊರತೆಯೂ ಇದೆ. ಅವರು ರಜೆ ಹಾಕಿದರೆ ಬದಲಿ ಇಲ್ಲ. ಬಿಟ್ಟುಹೋದರೆ ಹೊಸಬರು ಸಿಗಲು ಎರಡು ತಿಂಗಳು. ಒಂದು ಬ್ಲಾಕಿನವರಿಗೆ ಹತ್ತಿರ ಆದರೆ ಇನ್ನೊಂದು ಬ್ಲಾಕಿಗೆ ಮುನಿಸು. ಕೆಲಸಗಾರರೆಲ್ಲ ನಿಮ್ಮ ಪಟ್ಟಿಯಲ್ಲೇ ಇದ್ದರೆ ಕಾರ್ಮಿಕ ಕಾನೂನು ನೇರವಾಗಿ ನಿಮಗೇ ಬರುತ್ತದೆ. ಸಾಮಾನ್ಯವಾಗಿ 10 ಜನ ಆದಾಗ ಇಎಸ್‌ಐ, 20 ಜನ ಆದಾಗ ಪಿಎಫ್ ಲೆಕ್ಕಕ್ಕೆ ಬರುತ್ತದೆ. 10ಕ್ಕಿಂತ ಕಡಿಮೆ ಇದ್ದರೂ ಅಪಘಾತ ವಿಮೆಯಾದರೂ ಮಾಡಿಸಿ. ಏಣಿಯಿಂದ ಬಿದ್ದ ಎಲೆಕ್ಟ್ರಿಷಿಯನ್ನಿಗೆ ಮನೆ ನಡೆಯಬೇಕು.

ಅದಕ್ಕೇ ಹೊರಮಾವಿನವರಿಗೆ ನಾನು ಹೇಳಿದ್ದು ಮಿಶ್ರ ದಾರಿ. ಮ್ಯಾನೇಜರ್ ನಿಮ್ಮ ನೌಕರ. ಸೆಕ್ಯುರಿಟಿ ಒಂದು ಏಜೆನ್ಸಿಗೆ, ಯಾಕೆಂದರೆ ರಾತ್ರಿ ಪಾಳಿಗೆ ಬದಲಿ ಜನ ಬೇಕೇ ಬೇಕು. ಎಸ್‌ಟಿಪಿ ಅದನ್ನೇ ಮಾಡುವವರಿಗೆ. ಲಿಫ್ಟ್ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ತಯಾರಕರಿಗೆ. ಹೌಸ್‌ಕೀಪಿಂಗ್ ಮತ್ತು ಪ್ಲಂಬರ್ ನೇರವಾಗಿ. ಜಿಎಸ್‌ಟಿ ಬೀಳುವುದು ಹೊರಗೆ ಕೊಟ್ಟ ಭಾಗಕ್ಕೆ ಮಾತ್ರ. ಒಬ್ಬ ಗುತ್ತಿಗೆದಾರ ಸರಿಯಿಲ್ಲದಿದ್ದರೆ ಅವರನ್ನು ಮಾತ್ರ ಬದಲಾಯಿಸಬಹುದು. ಕಮಿಟಿ ವಾರಕ್ಕೊಮ್ಮೆ ಒಂದು ಗಂಟೆ ಮ್ಯಾನೇಜರ್ ಜೊತೆ ಕೂತರೆ ಸಾಕು. ಆ ಒಂದು ಗಂಟೆಯೂ ಆಗಲ್ಲ ಅನ್ನುವ ಕಮಿಟಿಗೆ ಈ ದಾರಿ ಬೇಡ. ನೋಡುವವರಿಲ್ಲದೆ ಐದು ಗುತ್ತಿಗೆ ಇಟ್ಟುಕೊಂಡರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ.

ಯಾವುದನ್ನು ಆರಿಸಿದರೂ ಕೈಬಿಡಬಾರದ್ದು

ಬ್ಯಾಂಕ್ ಖಾತೆ ಅಸೋಸಿಯೇಷನ್ ಹೆಸರಲ್ಲಿ, ಸಹಿ ಕಮಿಟಿಯ ಇಬ್ಬರದು. ಮೆಂಟೆನೆನ್ಸ್ ಯಾವ ಕಾರಣಕ್ಕೂ ಕಂಪನಿಯ ಖಾತೆಗೆ ಹೋಗಬಾರದು. ಕಾರ್ಪಸ್ ಫಂಡ್ (ದೊಡ್ಡ ಖರ್ಚಿಗೆ ಕೂಡಿಟ್ಟ ನಿಧಿ) ಮುಟ್ಟಲು ಜನರಲ್ ಬಾಡಿ ಒಪ್ಪಬೇಕು. ಮ್ಯಾನೇಜರ್ ಎಷ್ಟರವರೆಗೆ ತಾನೇ ಖರ್ಚು ಮಾಡಬಹುದು ಅಂತ ಒಂದು ಮಿತಿ ಹಾಕಿ. ನಮ್ಮಲ್ಲಿ ಒಂದು ಸಲಕ್ಕೆ ₹5,000. ಎಎಂಸಿಗಳೆಲ್ಲ ಅಸೋಸಿಯೇಷನ್ ಹೆಸರಲ್ಲೇ ಇರಲಿ, ಕಂಪನಿಯ ಮೂಲಕ ಬೇಡ. ಇಲ್ಲದಿದ್ದರೆ ಕಂಪನಿ ಬಿಟ್ಟ ದಿನ ಲಿಫ್ಟಿನ ಎಎಂಸಿಯೂ ಹೋಗುತ್ತದೆ.

ಕಟ್ಟಡದ ನಕ್ಷೆಗಳು, ಮಾಲಿನ್ಯ ಮಂಡಳಿಯ ಒಪ್ಪಿಗೆ, ಲಿಫ್ಟ್ ಲೈಸೆನ್ಸ್, ವಾರಂಟಿಗಳು, ಆ್ಯಪ್ ಮತ್ತು ಕ್ಯಾಮೆರಾ ಪಾಸ್‌ವರ್ಡ್‌ಗಳು, ಎಲ್ಲದರ ಒಂದು ಪ್ರತಿ ಕಮಿಟಿ ಹತ್ತಿರ ಇರಬೇಕು. ಕಂಪನಿ ಬಿಡುವಾಗ ನಮಗೆ ಜಾಸ್ತಿ ತೊಂದರೆ ಆದದ್ದು ಇಲ್ಲೇ. ಕ್ಯಾಮೆರಾ ಪಾಸ್‌ವರ್ಡ್ ಕೇಳಿ ಪಡೆಯಲು ಮೂರು ವಾರ ಹಿಡಿಯಿತು. ಕೊನೆಯ ತಿಂಗಳ ಬಿಲ್ ತಡೆಹಿಡಿದ ಮೇಲೆ ಬಂತು. ಹಾಗಾಗಿ ಒಪ್ಪಂದದಲ್ಲಿ ಕೊನೆಯ ತಿಂಗಳ ಪಾವತಿ ಈ ಹಸ್ತಾಂತರ ಮುಗಿದ ಮೇಲೆಯೇ ಅಂತ ಬರೆಸಿ.

ಬದಲಾವಣೆ ಮಾಡುವುದಾದರೆ ಜನವರಿಯಲ್ಲೇ ಶುರುಮಾಡಿ. ಮೂರು ಕೊಟೇಶನ್ ತರಿಸಿ, ಪ್ರತಿಯೊಬ್ಬರು ಈಗ ನೋಡಿಕೊಳ್ಳುತ್ತಿರುವ ಒಂದು ಕಟ್ಟಡಕ್ಕೆ ಹೇಳದೆ ಹೋಗಿ. ಅಲ್ಲಿನ ಗೇಟಿನಲ್ಲಿ ನಿಂತ ಗಾರ್ಡ್ ಹತ್ತಿರ ಸಂಬಳ ಯಾವ ತಾರೀಖಿಗೆ ಬರುತ್ತದೆ ಅಂತ ಕೇಳಿ. ನಾನು ಈಗ ಮೊದಲು ಕೇಳುವುದು ಅದನ್ನೇ.